ಚೆಲ್ಲೋ ಒಂಟಿಯಾಗಿ ನುಡಿಯುವ ಜಾಗ

ಅಣ್ಣನ ಕೈ ನಡುಗುತ್ತಿದೆ ಎಂದು ನನಗೆ ಮೊದಲು ಹೇಳಿದವರು ಡಾಕ್ಟ್ರಮ್ಮ. ಮಂಗಳವಾರದ ಅಭ್ಯಾಸ ಮುಗಿದು ಅಣ್ಣನ ಜೀಪು ಗೇಟು ದಾಟಿದ ಮೇಲೆ, ತಮ್ಮ ಪಿಟೀಲಿನ ಪೆಟ್ಟಿಗೆ ಮುಚ್ಚುತ್ತಾ ಕೇಳಿದರು.

"ನಿಮ್ಮಣ್ಣ ಟೀ ಲೋಟಾನ ಎರಡೂ ಕೈಯಲ್ಲಿ ಹಿಡೀತಾರೆ. ನೋಡಿದ್ರಾ?"

"ಚಳಿ," ಎಂದೆ.

"ಜೀವಮಾನ ಪೂರ್ತಿ ರೋಗಿಗಳ ಕೈ ಹಿಡಿದವಳು ನಾನು. ನನಗೇ ಚಳಿ ಅಂತ ಹೇಳ್ತೀರಾ? ಕಮಾನು ನಿಧಾನ ಎಳೆಯುವಾಗ ಗಮನಿಸಿ. ಬೇಗ ಎಳೆದ್ರೆ ಗೊತ್ತಾಗಲ್ಲ, ನಿಧಾನಕ್ಕೆ ಎಳೆದಾಗ ಅಲುಗುತ್ತೆ. ನಾಲ್ಕನೇ ಭಾಗದ ಶುರು ನೆನಪಿದೆಯಲ್ಲ?"

ನೆನಪಿತ್ತು. ನಾವು ಅಭ್ಯಾಸ ಮಾಡುತ್ತಿದ್ದದ್ದು ಫ್ರಾನ್ಸಿನ ಸಂಗೀತಗಾರನೊಬ್ಬ ನಾಲ್ಕು ತಂತಿವಾದ್ಯಗಳಿಗೆ ಬರೆದ ಕೃತಿ. ಎರಡು ಪಿಟೀಲು, ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾ, ಮಂಡಿಗಳ ನಡುವೆ ಹಿಡಿದು ನುಡಿಸುವ ಚೆಲ್ಲೋ. ಅದರಲ್ಲಿ ನಾಲ್ಕು ಭಾಗ. ಕೊನೆಯ ಭಾಗ ಶುರುವಾಗುವಾಗ ಮೂವರು ಸುಮ್ಮನಿರುತ್ತಾರೆ. ಚೆಲ್ಲೋ ಒಂದೇ, ಮೆಲ್ಲಗೆ, ಬಹಳ ನಿಧಾನವಾಗಿ ಹಾಡತೊಡಗುತ್ತದೆ. ಅಲ್ಲಿ ಅಡಗಿಕೊಳ್ಳಲು ಇನ್ನೊಬ್ಬರ ದನಿ ಇಲ್ಲ.

ಸಕಲೇಶಪುರದ ನಮ್ಮ ಚರ್ಚಿನ ಹೊಸ ಸಭಾಂಗಣದ ಉದ್ಘಾಟನೆಗೆ ಇದನ್ನು ನುಡಿಸುತ್ತೇವೆಂದು ಒಪ್ಪಿಕೊಂಡಾಗಿತ್ತು. ಒಂದು ತಿಂಗಳಿತ್ತು.

"ತಂಗಿ ನೀವು. ನೀವೇ ಹೇಳ್ಬೇಕು," ಎಂದರು ಡಾಕ್ಟ್ರಮ್ಮ. "ಬೆಂಗಳೂರಿಂದ ಬೇರೆ ಯಾರನ್ನಾದ್ರೂ ಕರೆಸೋಣ. ಇಲ್ಲಾ, ಆ ಸಾಲು ಮಾತ್ರ ನೀವು ವಯೋಲಾದಲ್ಲಿ ತಗೊಳ್ಳಿ. ಇಡೀ ಊರಿನ ಮುಂದೆ ಆ ಮನುಷ್ಯನ ಮಾನ ಹೋಗಬಾರದು."

ಮುಂದಿನ ಮಂಗಳವಾರ ಹೇಳುತ್ತೇನೆ ಎಂದೆ. ಹೇಳಲಿಲ್ಲ.

ನಾನು ಮಂಗಳೂರಿನ ಕಾನ್ವೆಂಟ್ ಹಾಸ್ಟೆಲಿನಲ್ಲಿ ಬೆಳೆದವಳು. ಅಲ್ಲಿ ಏಳುವುದಕ್ಕೆ, ಉಣ್ಣುವುದಕ್ಕೆ, ಮಾತು ನಿಲ್ಲಿಸುವುದಕ್ಕೆ ಎಲ್ಲಕ್ಕೂ ಗಂಟೆ. ಪಿಟೀಲು ಕಲಿಸುತ್ತಿದ್ದ ಸಿಸ್ಟರ್ ಸ್ವರ ತಪ್ಪಿದರೆ ಕ್ಷಮಿಸುತ್ತಿದ್ದರು, ಎಣಿಕೆ ತಪ್ಪಿದರೆ ಇಲ್ಲ. ಕೈ ಉದ್ದ ಇದೆ ಎಂದು ನನಗೆ ವಯೋಲಾ ಕೊಟ್ಟರು. ಡಾಕ್ಟ್ರಮ್ಮ ಅದೇ ಕಾನ್ವೆಂಟಿನಲ್ಲಿ ನನಗಿಂತ ಮುಂದಿನ ತರಗತಿಯವರು. ನಾನು ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾಗಿ ಸಕಲೇಶಪುರಕ್ಕೆ ಬಂದ ಮೇಲೆ ನನ್ನ ಮನೆಯಲ್ಲಿ ಮಂಗಳವಾರದ ಅಭ್ಯಾಸ ಶುರುವಾಯಿತು. ನಾಲ್ಕು ಗಂಟೆಗೆ ಎಂದರೆ ನಾಲ್ಕಕ್ಕೆ ಮೊದಲ ಸ್ವರ. ಟೀ ಆಮೇಲೆ.

ಅಣ್ಣ ಪಾದ್ರಿಯಾಗಲು ಸೆಮಿನರಿಗೆ ಹೋಗಿದ್ದ. ಅಪ್ಪ ತೀರಿಕೊಂಡಾಗ ಎಸ್ಟೇಟು ನೋಡಿಕೊಳ್ಳಲು ವಾಪಸು ಬಂದ. ಅಲ್ಲಿಂದ ಅವನು ತಂದದ್ದು ಒಂದಿಷ್ಟು ಲ್ಯಾಟಿನ್ ಮತ್ತು ಒಂದು ಚೆಲ್ಲೋ. ಯಸಳೂರಿನಾಚೆಯ ತೋಟದ ಮನೆಯಲ್ಲಿ ಇಷ್ಟು ವರ್ಷವೂ ಒಬ್ಬನೇ ನುಡಿಸಿಕೊಂಡಿದ್ದ. ಕಾಫಿ ಕೊಯ್ಲಿನ ದಿನಗಳಲ್ಲಿ ಲೆಕ್ಕ ಮುಗಿಸಿ, ಅದನ್ನು ಬರೆಯುವ ರೈಟರನ್ನು ಕಳಿಸಿ, ಆಮೇಲಾದರೂ ಸ್ವಲ್ಪ ಹೊತ್ತು ಅದರ ಮುಂದೆ ಕೂರುತ್ತಿದ್ದ. "ನನಗಿಂತ ಮುಂಚೆ ಈ ಮನೆಗೆ ಬಂದ ಸವತಿ ಅದು" ಎಂದು ಅತ್ತಿಗೆ ನೆಂಟರ ಮುಂದೆ ಪರಿಚಯ ಮಾಡಿಕೊಡುತ್ತಿದ್ದರು.

ಎರಡನೇ ಪಿಟೀಲು ಆಲೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಯಜಮಾನರದು. ಕರ್ನಾಟಕ ಸಂಗೀತದವರು. ಸುತ್ತಲಿನ ಊರುಗಳಲ್ಲಿ ಯಾರು ಹಾಡಿದರೂ ಪಕ್ಕವಾದ್ಯಕ್ಕೆ ಇವರೇ. ನಮ್ಮ ಸ್ವರಲಿಪಿಯನ್ನು ಒಂದು ವರ್ಷ ಕೂತು ಕಲಿತರು, ಆದರೂ ಅದರ ಕೆಳಗೆ ಪೆನ್ಸಿಲಿನಲ್ಲಿ ಸರಿಗಮ ಬರೆದುಕೊಳ್ಳುವುದನ್ನು ಬಿಡಲಿಲ್ಲ. ಕುರ್ಚಿ ಬೇಡವೆಂದರು. ದಿವಾನದ ಮೇಲೆ ಕಾಲು ಮಡಿಸಿ ಕೂತು ಪಿಟೀಲಿನ ತಲೆಯನ್ನು ಪಾದಕ್ಕೆ ಆನಿಸಿಕೊಂಡೇ ಫ್ರಾನ್ಸಿನವನ ಸಂಗೀತ ನುಡಿಸಿದರು. ಅಣ್ಣ, ನಾನು, ಡಾಕ್ಟ್ರಮ್ಮ ಮೂವರೂ ಮನೆಯಲ್ಲಿ ಕೊಂಕಣಿ ಆಡುವವರು. ಆದರೆ ವಾದ್ಯ ಕೈಗೆತ್ತಿಕೊಂಡ ಮೇಲೆ ನಾಲ್ವರಿಗೂ ಗೊತ್ತಿರುವ ಕನ್ನಡ ಮಾತ್ರ ಎಂದು ನಾನು ಮೊದಲ ದಿನವೇ ನಿಯಮ ಮಾಡಿದ್ದೆ.

ಈ ಕೃತಿಯನ್ನು ಆರಿಸಿದ್ದೂ ನಾನೇ. ಆ ಸಂಗೀತಗಾರ ತನ್ನ ಜೀವಮಾನದಲ್ಲಿ ಇಂಥದ್ದು ಬರೆದದ್ದು ಇದೊಂದನ್ನೇ. ಪ್ಯಾರಿಸಿನ ದೊಡ್ಡ ವಸ್ತುಪ್ರದರ್ಶನವೊಂದಕ್ಕೆ ಜಾವಾ ದ್ವೀಪದ ವಾದ್ಯಗಾರರು ಬಂದಿದ್ದರಂತೆ, ಕಂಚಿನ ಜಾಗಟೆಗಳ, ತಟ್ಟೆಗಳ ಮೇಳ. ಅದರ ಮುಂದೆ ಇವನು ದಿನಗಟ್ಟಲೆ ನಿಂತಿದ್ದನಂತೆ. ರಷ್ಯಾದವರ ಸಂಗೀತ ಕೇಳಿದ್ದ, ಚರ್ಚಿನ ಹಳೆಯ ಗಾನ ಕೇಳಿದ್ದ. ಒಂದೇ ರಾಗದೆಳೆಯನ್ನು ನಾಲ್ಕೂ ಭಾಗಗಳಲ್ಲಿ ವೇಷ ಬದಲಿಸಿ ತರುವ ಪದ್ಧತಿಯನ್ನು ತನಗಿಂತ ಹಿರಿಯರಿಂದ ಕಲಿತಿದ್ದ. ಯಾವುದನ್ನೂ ಹಾಗೇ ಎತ್ತಿ ಇಟ್ಟಿಲ್ಲ. ಕಿವಿಯಲ್ಲಿ ಉಳಿದದ್ದು ಕೈಗೆ ಬಂದಿದೆ. ಎರಡನೇ ಭಾಗದಲ್ಲಿ ಉಳಿದ ಮೂವರು ತಂತಿಗಳನ್ನು ಬೆರಳಿನಲ್ಲಿ ಮೀಟುತ್ತಿದ್ದರೆ ವಯೋಲಾ ಒಂದೇ ತುಣುಕನ್ನು ಮತ್ತೆ ಮತ್ತೆ ಹೇಳುತ್ತಾ ಹೋಗುತ್ತದೆ. ಆ ಕೆಲಸ ನನಗೆ ಕಷ್ಟವಾಗಲಿಲ್ಲ. ಶಾಲೆಯಲ್ಲಿ ನಾನು ಮಾಡಿದ್ದೂ ಅದನ್ನೇ.

ಇದನ್ನೆಲ್ಲ ಓದಿ ಹೇಳಿದಾಗ ಅಣ್ಣ, "ಜಾವಾದವರು ನಮ್ಮ ಕಾಫಿ ರೇಟು ಕೆಡಿಸಿದ್ದು ಸಾಲದು ಅಂತ ಎರಡನೇ ಭಾಗಾನೂ ಅವರದ್ದಾ?" ಎಂದ. "ಮೊದಲ ಭಾಗ ಮಾತ್ರ ನಮ್ಮದು. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಸೆಮಿನರೀಲಿ ಇದೇ ಧಾಟಿ ಹಾಡ್ತಿದ್ವಿ."

"ಸಾಹುಕಾರ್ರೇ, ಎಲ್ಲಿ ನಿಮ್ದು?" ಎಂದರು ಹಾರ್ಡ್‌ವೇರ್ ಯಜಮಾನರು. "ಸಾಕ್ಷಾತ್ ತೋಡಿ ರಾಗ ಐತೆ. ರಿಷಭ ನೋಡಿ, ಗಾಂಧಾರ ನೋಡಿ, ಧೈವತ ನೋಡಿ. ನಮ್ಮೋರು ಯಾರೋ ಆ ಜಾತ್ರೇಲಿ ಹಾಡಿರ್ಬೇಕು, ಇವ್ನು ನಿಂತ್ಕಂಡು ಕೇಳ್ಕಂಡು ಹೋಗವ್ನೆ."

ಸ್ವರಗಳ ಮಟ್ಟಿಗೆ ಅವರ ಮಾತು ಸುಳ್ಳಲ್ಲ. ಕೃತಿ ಶುರುವಾಗುವ ಸಾಲಿನಲ್ಲಿರುವುದು ತೋಡಿಯ ಸ್ವರಗಳೇ. ತೊಂದರೆ ಬಂದದ್ದು ಅಲ್ಲಿಂದಲೇ. ತೋಡಿ ಎಂದು ಮನಸ್ಸಿಗೆ ಹೊಕ್ಕ ಮೇಲೆ ಅವರ ಬೆರಳು ಗಾಂಧಾರದ ಮೇಲೆ ನೇರವಾಗಿ ನಿಲ್ಲದಾಯಿತು. ನಾವು ಮೂವರು ಸ್ವರವನ್ನು ಗೋಡೆಗೆ ಹೊಡೆದ ಮೊಳೆಯ ಹಾಗೆ ನಿಲ್ಲಿಸಿದರೆ, ಅವರದು ಅಲ್ಲೇ ತೂಗುತ್ತಿತ್ತು. ಪ್ರತಿ ವಾರ ಹೇಳಿದೆ. ಪ್ರತಿ ವಾರ "ಆಯ್ತು ಮೇಡಂ" ಎಂದರು. ಮತ್ತೆ ತೂಗಿತು.

ಅಷ್ಟರಲ್ಲಿ ನಾನು ಅಣ್ಣನ ಬಲಗೈಯನ್ನು ಬಿಟ್ಟು ಬೇರೇನನ್ನೂ ನೋಡದಾಗಿದ್ದೆ. ಡಾಕ್ಟ್ರಮ್ಮ ಹೇಳಿದ್ದು ನಿಜ. ವೇಗದ ಜಾಗಗಳಲ್ಲಿ ಕೈ ಸರಿ, ಮೀಟುವಾಗಲೂ ಸರಿ. ಉದ್ದ ಸ್ವರ ಬಂದರೆ ಕಮಾನಿನ ತುದಿ ಗಾಳಿಗೆ ಸಿಕ್ಕ ಕಡ್ಡಿಯ ಹಾಗೆ. ಅವನು ಕೆಲವು ಉದ್ದ ಸ್ವರಗಳನ್ನು ಮೊಟಕು ಮಾಡತೊಡಗಿದ್ದ. ನಾಲ್ಕನೇ ಭಾಗದ ಹೊತ್ತಿಗೆ ಪ್ರತಿ ಸಲ ಏನಾದರೂ ನೆಪ, ಯಸಳೂರು ದಾರಿಯಲ್ಲಿ ಆನೆ ಇದೆಯಂತೆ, ಬೇಗ ಹೊರಡಬೇಕು ಎಂದು. ನಾನು ಅವನಿಗೆ ಏನೂ ಹೇಳದೆ, ಸಂಜೆ ಕಿಟಕಿಗಳನ್ನು ಮುಚ್ಚಿ ಆ ಚೆಲ್ಲೋ ಸಾಲನ್ನು ವಯೋಲಾದಲ್ಲಿ ಕಲಿಯತೊಡಗಿದೆ. ಕಲಿತೂಬಿಟ್ಟೆ. ಹೇಳುವುದು ಮಾತ್ರ ಆಗಲಿಲ್ಲ.

ಕಾರ್ಯಕ್ರಮಕ್ಕೆ ಮುಂಚಿನ ಕೊನೆಯ ಮಂಗಳವಾರ ಮೊದಲ ಭಾಗದ ಮೊದಲ ಸಾಲಿಗೇ ಅಣ್ಣ ಯಜಮಾನರ ಕಡೆ ಕಮಾನು ಎತ್ತಿದ.

"ನಿಲ್ಲಿಸಿ. ಕೈ ನಡುಗಿಸಬೇಡಿ ಮಾರಾಯ್ರೆ! ಎಷ್ಟು ಸಲ ಹೇಳೋದು? ಸ್ವರ ನೇರ ನಿಲ್ಲಲಿ."

"ನಡುಗ್ಸಿಲ್ಲ ಸಾಹುಕಾರ್ರೇ. ಇದು ಗಮಕ. ನೇರ ನಿಲ್ಲಿಸಿದ್ರೆ ಗಾಂಧಾರ ಸತ್ತೋಯ್ತದೆ."

"ನನ್ನ ಕಿವಿಗೆ ಎರಡೂ ಒಂದೇ."

"ಒಂದೇ ಹೆಂಗಾಯ್ತದೆ? ನಾನು ಬೇಕು ಅಂತ ಅಲುಗಿಸ್ತೀನಿ. ನಿಮ್ದು..."

ಹೇಳಬಾರದ್ದು ಹೊರಬಂದಿದೆ ಎಂದು ಅವರ ಮುಖವೇ ಹೇಳುತ್ತಿತ್ತು. ಡಾಕ್ಟ್ರಮ್ಮ ತಲೆ ಬಗ್ಗಿಸಿ, ಒರೆಸುವ ಅಗತ್ಯವೇ ಇಲ್ಲದ ಪಿಟೀಲನ್ನು ಒರೆಸತೊಡಗಿದರು.

"ಹೇಳಿ," ಎಂದ ಅಣ್ಣ. "ನನ್ನದು?"

ಯಜಮಾನರು ತಮ್ಮ ಕಮಾನನ್ನು ದಿವಾನದ ಮೇಲಿಟ್ಟರು.

"ನನ್ನದು ಬೇಡ ಅಂದ್ರೂ ಅಲುಗುತ್ತೆ. ಅಷ್ಟೇ ತಾನೇ?" ಚೆಲ್ಲೋವನ್ನು ಮಗ್ಗುಲಾಗಿ ನೆಲಕ್ಕೆ ಮಲಗಿಸಿದ. "ಎಲ್ರಿಗೂ ಗೊತ್ತಿದೆ ಹಾಗಾದ್ರೆ." ನನ್ನ ಕಡೆ ತಿರುಗಿದ. "ನಿನಗೂ?"

"ಗೊತ್ತು," ಎಂದೆ.

"ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ. ಇಡೀ ಶಾಲೆಯನ್ನ ಬಾಯಿ ಜೋರಲ್ಲೇ ನಡೆಸಿದವಳು."

ಆಮೇಲೆ ಎಲ್ಲ ತಾನಾಗಿಯೇ ಹೇಳಿದ. ಎರಡು ವರ್ಷದಿಂದ ಹಾಸನದ ಡಾಕ್ಟರೊಬ್ಬರ ಮಾತ್ರೆ ನಡೆಯುತ್ತಿದೆ. ಅತ್ತಿಗೆಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಮಾತ್ರೆ ತೆಗೆದುಕೊಂಡ ಸ್ವಲ್ಪ ಹೊತ್ತಿಗೆ ಕೈ ಹತೋಟಿಗೆ ಬರುತ್ತದೆ, ಎರಡು ಮೂರು ಗಂಟೆ ಮಾತು ಕೇಳುತ್ತದೆ, ಆಮೇಲೆ ಇಲ್ಲ.

ಡಾಕ್ಟ್ರಮ್ಮ ಮೆಲ್ಲಗೆ ಬೆಂಗಳೂರಿನ ಮಾತೆತ್ತಿದರು.

"ಬೇರೆಯವರನ್ನ ಕರೆಸಿದ್ರೆ ನಾನು ಆ ಹಾಲ್‌ಗೆ ಕಾಲಿಡಲ್ಲ," ಎಂದ ಅಣ್ಣ. ಸಿಟ್ಟು ಅಷ್ಟು ಹೊತ್ತಿಗೆ ಇಳಿದಿತ್ತು. "ನೋಡಿ, ಇಷ್ಟು ವರ್ಷ ನಾನು ಕೇಳಿದ್ದು ಕೆಳಗಿನ ಸಾಲೊಂದೇ. ಅದರ ಮೇಲೆ ಇನ್ನೂ ಮೂರು ಸಾಲು ಇದೆ ಅಂತ ಪುಸ್ತಕದಲ್ಲಿ ಕಾಣ್ತಿತ್ತು, ಕಿವಿಗೆ ಬಂದಿರಲಿಲ್ಲ. ಈಗ ಬಂದಿದೆ. ಒಂದು ಸಲ ಪೂರ್ತಿ ನುಡಿಸ್ತೀನಿ. ಮೊದಲಿಂದ ಕೊನೇವರೆಗೆ, ಜನರ ಮುಂದೆ. ಒಂದೇ ಸಲ."

ಹಾರ್ಡ್‌ವೇರ್ ಯಜಮಾನರು ದಿವಾನದಿಂದ ಎದ್ದು ಬಂದು ಚೆಲ್ಲೋವನ್ನು ಎತ್ತಿ ಅವನ ಮಂಡಿಗೆ ಆನಿಸಿದರು. "ನಾನೂ ಗಾಂಧಾರ ನೇರ ನಿಲ್ಲಿಸ್ತೀನಿ ಬುಡಿ ಸಾಹುಕಾರ್ರೇ. ಒಂದು ಸಲಕ್ಕೆ ತಾನೇ, ತೋಡಿ ಏನೂ ಬೇಜಾರ್ ಮಾಡ್ಕಳಲ್ಲ."

ನನಗೆ ಬರುವುದು ವೇಳಾಪಟ್ಟಿ ಮಾಡುವುದು. ಮಾಡಿದೆ. ಕಾರ್ಯಕ್ರಮ ಸಂಜೆ ಐದಕ್ಕೆ. ಅಣ್ಣ ಅದಕ್ಕೆ ಸ್ವಲ್ಪ ಮುಂಚೆ ಮಾತ್ರೆ ತೆಗೆದುಕೊಳ್ಳಬೇಕು. ರಿಬ್ಬನ್ನು, ದೀಪ, ಭಾಷಣ ಎಲ್ಲ ಸೇರಿ ಅರ್ಧ ಗಂಟೆ. ಆಮೇಲೆ ನಾವು. ಕೈ ಇನ್ನೂ ಗಟ್ಟಿಯಾಗಿರುವಾಗಲೇ ನಾಲ್ಕನೇ ಭಾಗ ಮುಗಿದಿರುತ್ತದೆ. ಸಮಿತಿಯ ಕಾರ್ಯದರ್ಶಿಗೆ ಇದನ್ನು ಫೋನಿನಲ್ಲಿ ಎರಡು ಸಲ, ಎದುರಿಗೆ ಒಂದು ಸಲ ಹೇಳಿದೆ. ಕಾರಣ ಹೇಳಲಿಲ್ಲ. "ಟೈಮಿಗೆ ಸರಿಯಾಗಿ ಮೇಡಂ, ನೀವಿದ್ದ ಮೇಲೆ ಕೇಳಬೇಕಾ?" ಎಂದರು.

ಆ ದಿನ ಅಣ್ಣ ನನ್ನ ಕಣ್ಣೆದುರಿಗೇ ಮಾತ್ರೆ ನುಂಗಿದ. ಸ್ವಲ್ಪ ಹೊತ್ತಿಗೆ ಕಾರ್ಯದರ್ಶಿ ಬಂದು, "ಮೇಡಂ, ಚೀಫ್ ಗೆಸ್ಟು ಮಂಗಳೂರಿಂದ ಬರ್ತಾ ಇದ್ರಲ್ಲ, ಘಾಟಿ ಹತ್ತಿದ್ದಾರೆ. ಮಾರನಹಳ್ಳಿ ಹತ್ರ ಟ್ಯಾಂಕರ್ ಅಡ್ಡ ಬಿದ್ದು ಎರಡೂ ಕಡೆ ಗಾಡಿ ನಿಂತಿದೆಯಂತೆ," ಎಂದರು.

"ಹಾಗಾದ್ರೆ ಮೊದಲು ನಾವು ನುಡಿಸಿಬಿಡ್ತೀವಿ. ಅವರು ಬಂದ ಮೇಲೆ ಸಭೆ ಮಾಡಿ."

ಅವರು ನನ್ನ ಮುಖವನ್ನೇ ನೋಡಿದರು. "ರಿಬ್ಬನ್ ಕತ್ತರಿಸದೆ, ದೀಪ ಹಚ್ಚದೆ ಹೇಗೆ ಮೇಡಂ? ಆಮೇಲೆ ಅವರು ಬಂದು ಏನು ಉದ್ಘಾಟನೆ ಮಾಡ್ಬೇಕು? ಬಂದೇಬಿಡ್ತಾರೆ, ಹತ್ತೇ ನಿಮಿಷ."

ಆ ಹತ್ತು ನಿಮಿಷ ಮುಗಿಯಲೇ ಇಲ್ಲ. ಬಾಗಿಲಿಗೆ ಕಟ್ಟಿದ ರಿಬ್ಬನ್ನಿನ ಕೆಳಗೆ ಬಗ್ಗಿ ಬಗ್ಗಿ ಜನ ಒಳಗೆ ಬಂದು ಕೂತರು. ಕಟ್ಲೆಟ್ಟು, ಕಾಫಿ ಮೊದಲೇ ಹಂಚಿಯಾಯಿತು. ನಾವು ನಾಲ್ವರು ವೇದಿಕೆಯ ಹಿಂದಿನ ಕೋಣೆಯಲ್ಲಿದ್ದೆವು. ಅಣ್ಣ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದ.

"ಇನ್ನೊಂದು ಮಾತ್ರೆ ಕೊಡಬಹುದಾ?" ಎಂದು ಡಾಕ್ಟ್ರಮ್ಮನ ಕಿವಿಯಲ್ಲಿ ಕೇಳಿದೆ.

"ಅಷ್ಟು ಬೇಗ ಇನ್ನೊಂದಾ? ತಲೆ ತಿರುಗಿ ವೇದಿಕೆ ಮೇಲೆ ಬಿದ್ರೆ ನೀವು ಹಿಡ್ಕೊಳ್ತೀರಾ?"

ಹಾರ್ಡ್‌ವೇರ್ ಯಜಮಾನರು ಕಾಲು ಮಡಿಸಿ ಬೆಂಚಿನ ಮೇಲೆ ಆರಾಮಾಗಿದ್ದರು. "ಸಾಹುಕಾರ್ರೇ, ನಮ್ ಕಛೇರಿಗಳಲ್ಲಿ ಇದೆಲ್ಲ ಇದ್ದಿದ್ದೇ ಕಣ್ರೀ. ಮುಖ್ಯ ಅತಿಥಿ ಮಾತು ಶುರು ಮಾಡಿದ್ರೆ ಮೃದಂಗದವ್ನು ಒಂದು ನಿದ್ದೆ ತೆಗ್ದು, ಎದ್ದು, ಮುಖ ತೊಳ್ಕಂಡು ಬತ್ತಾನೆ. ಅಷ್ಟ್ರಲ್ಲಿ ಅವ್ರು 'ಕೊನೆಯದಾಗಿ' ಅಂತ ಅಂದಿರ್ತಾರೆ. ಅಲ್ಲಿಂದ ಇನ್ನೂ ಅರ್ಧ."

ಅಣ್ಣ ನಕ್ಕ. ನನಗೆ ನಗು ಬರಲಿಲ್ಲ. ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ.

ಕೊನೆಗೂ ಅತಿಥಿಗಳು ಬಂದರು. ಒಳಗೆ ಕೂತವರೆಲ್ಲ ಎದ್ದು ಹೊರಗೆ ಹೋಗಿ, ರಿಬ್ಬನ್ ಕತ್ತರಿಸಿದ ಮೇಲೆ ಮತ್ತೆ ಒಳಗೆ ಬಂದರು. ಪ್ರಾರ್ಥನೆ ಆಯಿತು. ದೀಪ ಫ್ಯಾನಿನ ಗಾಳಿಗೆ ಹತ್ತಲೊಲ್ಲದೆ ಫ್ಯಾನು ನಿಲ್ಲಿಸಿದರು. ಹಾರ, ಶಾಲು, ಏಲಕ್ಕಿ ಮಾಲೆ. ಅತಿಥಿಗಳು ಘಾಟಿ ರಸ್ತೆಯ ಬಗ್ಗೆ ಮಾತಾಡಿದರು, ಅದು ನ್ಯಾಯವೇ. ಅಲ್ಲಿಂದ ಆನೆಗಳಿಗೆ ಬಂದರು, ಆನೆಗಳಿಂದ ಕಾಳುಮೆಣಸಿನ ಆಮದಿಗೆ. ಯಜಮಾನರು ಹೇಳಿದ್ದ "ಕೊನೆಯದಾಗಿ" ಬಂದಾಗ ಅಣ್ಣ ತೊಡೆಯ ಕೆಳಗಿನಿಂದ ಬಲಗೈ ತೆಗೆದು ತನ್ನ ಮುಂದೆ ಚಾಚಿ ನೋಡಿಕೊಂಡ. ಬೆರಳುಗಳು ಆಗಲೇ ಸಣ್ಣಗೆ ಅಲುಗಲು ಶುರುಮಾಡಿದ್ದವು. ಮತ್ತೆ ಕೆಳಗಿಟ್ಟುಕೊಂಡ.

ನಾವು ವೇದಿಕೆಗೆ ಹೋದೆವು.

ಮೊದಲ ಭಾಗ ದಾಟಿತು. ಗಾಂಧಾರ ನೇರ ನಿಂತಿತು. ಯಜಮಾನರ ಮುಖದಲ್ಲಿ ಉಪವಾಸ ಕೂತವರ ಸಂಕಟ. ಮುಗಿದಾಗ ಎಲ್ಲ ಆಯಿತೆಂದು ಜನ ಚಪ್ಪಾಳೆ ತಟ್ಟಿದರು, ಒಬ್ಬರು ವಂದನಾರ್ಪಣೆಗೆ ಎದ್ದೂ ನಿಂತರು. ಡಾಕ್ಟ್ರಮ್ಮ ಕಮಾನಿನಲ್ಲೇ ಸನ್ನೆ ಮಾಡಿ ಕೂರಿಸಿದರು. ಎರಡನೇ ಭಾಗದಲ್ಲಿ ನಾನು ನನ್ನ ತುಣುಕನ್ನು ಹೇಳಿದ್ದೇ ಹೇಳುತ್ತಾ ಹೋದೆ, ಸುತ್ತ ಮೂವರ ಬೆರಳುಗಳು ಮೀಟಿದವು. ಸಭೆ ಮೈಯೆಲ್ಲ ಕಿವಿಯಾಯಿತು. ಅಣ್ಣನ ಒಂದೊಂದು ಮೀಟೂ ದುಂಡಗೆ ಬಂತು. ಮೂರನೇ ಭಾಗದಲ್ಲಿ ತಂತಿಗಳನ್ನು ಹೊರುವ ಕುದುರೆಗೆ ಸಣ್ಣ ತುಂಡು ಸಿಕ್ಕಿಸಿ ದನಿ ತಗ್ಗಿಸಿಕೊಳ್ಳುತ್ತೇವೆ. ಅಲ್ಲಿ ಅವನ ಉದ್ದ ಸ್ವರಗಳು ಅಲುಗಿದವು. ನನಗೆ ಕೇಳಿತು. ನಮ್ಮ ಮೂವರ ದನಿಯ ಅಡಿಯಲ್ಲಿ ಜನರಿಗೆ ಕೇಳಿರಲಾರದು.

ನಾಲ್ಕನೇ ಭಾಗಕ್ಕೆ ಮುಂಚೆ ಆ ತುಂಡುಗಳನ್ನು ತೆಗೆಯಲು ಸ್ವಲ್ಪ ಬಿಡುವಿರುತ್ತದೆ. ಅಣ್ಣನಿಗೆ ತನ್ನದನ್ನು ತೆಗೆಯಲು ಎರಡು ಸಲ ಪ್ರಯತ್ನಿಸಬೇಕಾಯಿತು. ನಾನು ಅವನ ಕಡೆ ಬಾಗಿ, ನಿಯಮ ಮರೆತು ಕೊಂಕಣಿಯಲ್ಲಿ, "ನಾನು ಶುರು ಮಾಡಲಾ?" ಎಂದೆ.

ಅವನು ಕನ್ನಡದಲ್ಲಿ ಉತ್ತರ ಕೊಟ್ಟ. "ನಿನ್ನ ಎಣಿಕೆ ನೀನು ನೋಡ್ಕೋ."

ಕಮಾನು ತಂತಿಗೆ ಮುಟ್ಟಿತು. ಮೊದಲ ಸ್ವರ ಇಡಿಯಾಗಿ ಬರಲಿಲ್ಲ. ತರಿತರಿಯಾಗಿ ಬಂತು, ಒಳಗೆ ಯಾರೋ ಅದನ್ನು ಹಿಡಿದು ಅಲ್ಲಾಡಿಸುತ್ತಿರುವ ಹಾಗೆ. ಮುಂದಿನ ಸಾಲಿನ ಕುರ್ಚಿಯಲ್ಲಿ ಅತ್ತಿಗೆ ಕಣ್ಣು ಮುಚ್ಚಿದರು. ಫ್ಯಾನು ನಿಲ್ಲಿಸಿದ್ದರಿಂದ ಸಭೆಯಲ್ಲಿ ಬೇರೆ ಸದ್ದೇ ಇಲ್ಲ. ನನ್ನ ಕಮಾನು ತಂತಿಯ ಮೇಲೇ ಇತ್ತು. ಅವನು ನಿಲ್ಲಿಸಿದರೆ ಅದೇ ಸ್ವರದಿಂದ ನಾನು ಎತ್ತಿಕೊಳ್ಳುವುದು ಎಂದು ಕಾಯುತ್ತಿದ್ದೆ.

ಅವನು ನಿಲ್ಲಿಸಲಿಲ್ಲ. ನಡುವೆ ಒಂದು ಕಡೆ ಕಮಾನು ತಂತಿ ಬಿಟ್ಟೇಬಿಟ್ಟಿತು ಅನ್ನಿಸಿತು. ಒತ್ತಿ ಹಿಡಿಯಲು ಹೋಗಲಿಲ್ಲ. ಕೈ ತಾನಾಗಿ ತಿರುಗಿ ಬರುವವರೆಗೆ ಕಾದು, ಮುಂದಿನ ಸ್ವರಕ್ಕೆ ಹೋದ. ಅಭ್ಯಾಸ ಮಾಡಿದ್ದಕ್ಕಿಂತ ಎಷ್ಟೋ ನಿಧಾನವಾಗಿತ್ತು. ನನ್ನ ಎಣಿಕೆ ಕೆಲಸಕ್ಕೆ ಬಾರದೆ ಹೋಯಿತು. ಡಾಕ್ಟ್ರಮ್ಮ ಪುಸ್ತಕ ಬಿಟ್ಟು ಅವನ ಕೈ ನೋಡುತ್ತಿದ್ದರು, ಯಜಮಾನರು ಕಣ್ಣೇ ಮುಚ್ಚಿದ್ದರು. ಅವನು ಸಾಲಿನ ತುದಿಗೆ ಬಂದು ನಿಂತಾಗ ನಾವು ಮೂವರೂ ಒಟ್ಟಿಗೇ ಒಳಗೆ ಬಂದೆವು. ಹೇಗೆ ಬಂದೆವೋ, ಎಣಿಸಿ ಅಲ್ಲ. ಅಲ್ಲಿಂದ ಮುಂದೆ ವೇಗ ಏರುತ್ತದೆ. ವೇಗದಲ್ಲಿ ಅವನ ಕೈಗೆ ಕಾಯಿಲೆ ಇಲ್ಲ.

ಮುಗಿದ ಮೇಲೆ ಕಾರ್ಯದರ್ಶಿ ಬೆವರೊರೆಸುತ್ತಾ ಅಣ್ಣನ ಹತ್ತಿರ ಬಂದರು. "ಸಾರಿ ಸಾರ್, ಕೊನೇದರ ಶುರುವಿನಲ್ಲಿ ಮೈಕು ಕೈಕೊಡ್ತು. ದನಿ ಒಡೆದು ಒಡೆದು ಬರ್ತಿತ್ತು."

"ಪರವಾಗಿಲ್ಲ," ಎಂದ ಅಣ್ಣ. "ಹಳೇ ಮೈಕು. ಪಾಪ, ಎಷ್ಟು ದಿನ ಬರುತ್ತೆ?"

ಯಜಮಾನರು ಪಿಟೀಲಿನ ಪೆಟ್ಟಿಗೆ ಹಿಡಿದುಕೊಂಡು ಗೋಡೆಯ ಕಡೆ ತಿರುಗಿ ನಿಂತರು.

ಚೆಲ್ಲೋವನ್ನು ಜೀಪಿನ ಹಿಂದೆ ಮಲಗಿಸಿದೆವು. ಅತ್ತಿಗೆ ಸ್ಟೀರಿಂಗ್ ಹಿಡಿದರು. ಅಣ್ಣ ಪಕ್ಕದಲ್ಲಿ ಕೂತು ಕಿಟಕಿಯ ಗಾಜು ಇಳಿಸಿದ.

"ಇನ್ನು ಮೇಲೆ ಆ ಸಾಲು ನೀನು ನುಡಿಸು."

"ನನಗೆಲ್ಲಿ ಬರುತ್ತೆ?"

"ಸುಳ್ಳು ಹೇಳ್ಬೇಡ. ಮಾತ್ರೆ ತಗೊಂಡು ಹೋಗೋಕೆ ಪೇಟೆಗೆ ಬಂದಿದ್ದೆ, ನಿನ್ನ ಗೇಟಿನ ಹತ್ರ ನಿಂತು ಕೇಳಿದೀನಿ. ಕಿಟಕಿ ಮುಚ್ಚಿದ್ರೆ ಸಾಕಾ? ರಸ್ತೆಗೆಲ್ಲ ಕೇಳುತ್ತೆ."

ಅವನ ಜಾಗಕ್ಕೆ ನಾನು ತಯಾರಾಗುತ್ತಿರುವುದನ್ನು ಗೇಟಿನಲ್ಲಿ ನಿಂತು ಕೇಳಿ, ಒಳಗೆ ಬಾರದೆ, ಮನೆಗೆ ಹೋಗಿದ್ದ. ಆಮೇಲೂ ಮಂಗಳವಾರ ನಾಲ್ಕಕ್ಕೆ ಸರಿಯಾಗಿ ಬರುತ್ತಿದ್ದ.

"ಮತ್ತೆ ನೀನು?" ಎಂದೆ.

"ನಾನೆಲ್ಲಿ ಹೋಗ್ತೀನಿ? ಮೀಟೋಕೆ ಕೈ ಇನ್ನೂ ಮಾತು ಕೇಳುತ್ತೆ. ವೇಗದ್ದೂ ಆಗುತ್ತೆ. ನಿಧಾನದ್ದು ಮಾತ್ರ ನಿನಗೆ." ಗಾಜು ಏರಿಸುವ ಮುಂಚೆ ಸೇರಿಸಿದ, "ಆದ್ರೆ ತುಂಬ ಅವಸರ ಮಾಡ್ತೀಯ. ಒಂದು ಸ್ವರ ಮುಗಿಯೋಕೆ ಬಿಡಲ್ಲ, ಗಂಟೆ ಹೊಡೀತು ಅನ್ನೋ ಹಾಗೆ ಇನ್ನೊಂದಕ್ಕೆ ಹೋಗ್ತೀಯ."

ಮಂಗಳವಾರ ಆ ಸಾಲನ್ನು ನಾನು ನುಡಿಸಿದೆ. ಅಣ್ಣ ಚೆಲ್ಲೋವನ್ನು ಎದೆಗೆ ಆನಿಸಿಕೊಂಡು, ಕಮಾನು ಕೆಳಗಿಟ್ಟು, ಕೊನೆಯವರೆಗೂ ಕೇಳಿದ.

"ಇನ್ನೊಂದು ಸಲ," ಎಂದ. "ನಿಧಾನಕ್ಕೆ."